ಸಹಾಯ ಬೇಕು: ಬೆನ್ನುಮೂಳೆ ಮ್ಯಾನಿಪ್ಯುಲೇಷನ್ ಅಧ್ಯಯನಕ್ಕೆ ನಂಬುವಂಥ ಹುಸಿ ಚಿಕಿತ್ಸೆ

12 ವಾರ ಮೀರಿದ ಸೊಂಟನೋವಿಗೆ ಮ್ಯಾನಿಪ್ಯುಲೇಷನ್ (ಕೈಯಿಂದ ಬೆನ್ನಿನ ಕೀಲನ್ನು ಚುರುಕಾಗಿ ಒತ್ತುವ ಚಿಕಿತ್ಸೆ) ಎಷ್ಟು ಫಲ ಕೊಡುತ್ತದೆ ಎಂದು ಪರೀಕ್ಷಿಸುವ ಅಧ್ಯಯನ ರೂಪಿಸುತ್ತಿದ್ದೇವೆ. ಹೋಲಿಕೆಗಾಗಿ ನಿಜವೆಂದು ತೋರುವ ಹುಸಿ ಚಿಕಿತ್ಸೆ ಪಡೆಯುವ ನಿಯಂತ್ರಣ ಗುಂಪಿಗೆ ಏನು ಮಾಡಬೇಕೆಂಬುದೇ ಬಗೆಹರಿಯುತ್ತಿಲ್ಲ. ಫಿಸಿಯೋಥೆರಪಿ, ಕೈರೋಪ್ರಾಕ್ಟಿಕ್ ಸಂಶೋಧನೆ ಬಲ್ಲವರು ದಯವಿಟ್ಟು ನೆರವಾಗಿ.

ಬಿಎಂಜೆ ವೈದ್ಯಕೀಯ ಪತ್ರಿಕೆಯ 2019ರ ವಿಮರ್ಶೆ (47 ಪ್ರಯೋಗ, 9211 ಜನ) ಪ್ರಕಾರ ಮ್ಯಾನಿಪ್ಯುಲೇಷನ್ ಫಲ ಶಿಫಾರಸಾದ ಇತರ ಚಿಕಿತ್ಸೆಗಳಷ್ಟೇ. ಹುಸಿ ಚಿಕಿತ್ಸೆಯ ಎದುರಿನ ಪುರಾವೆ ಮಾತ್ರ ದುರ್ಬಲ. ಆ ಕೊರತೆ ತುಂಬದೆ ಮತ್ತೊಂದು ಪ್ರಯೋಗ ಮಾಡಿ ಉಪಯೋಗವಿಲ್ಲ.

ಸಮಸ್ಯೆ ಎಲ್ಲಿದೆ ಎಂದರೆ, ಯಂತ್ರ ಆಫ್ ಮಾಡಿದ ಅಲ್ಟ್ರಾಸೌಂಡ್ ಇಟ್ಟರೆ ರೋಗಿಗೆ ತಕ್ಷಣ ಗೊತ್ತಾಗುತ್ತದೆ. ಹಗುರವಾಗಿ ಬೆನ್ನು ಒತ್ತಿದರೆ ಅದೇ ಒಂದಿಷ್ಟು ಚಿಕಿತ್ಸೆಯಾಗಿಬಿಡುತ್ತದೆ. ಜೊತೆಗೆ ನಮ್ಮ ಕಡೆ ಕ್ಷೌರದಂಗಡಿಯಲ್ಲೇ ನೆಟಿಕೆ ತೆಗೆಸಿಕೊಂಡು ಅಭ್ಯಾಸವಿರುವವರು ‘ಟಕ್’ ಸದ್ದಿಗೇ ಕಾಯುತ್ತಾರೆ. ಹಿಂದೆ ಇಂಥ ಚಿಕಿತ್ಸೆ ಪಡೆದವರನ್ನು ಕೈಬಿಡಬಹುದು, ಆದರೆ ಆಗ ಫಲಿತಾಂಶ ಎಷ್ಟು ಜನರಿಗೆ ಅನ್ವಯವಾದೀತು?

ನಾರ್ವೆಯ ಮೈಗ್ರೇನ್ ಪ್ರಯೋಗದಲ್ಲಿ (2017) ಹೆಗಲಮೂಳೆಯ ಅಂಚು ಮತ್ತು ಪೃಷ್ಠದ ಮೇಲೆ, ಕೀಲಿಗೆ ತಾಗದಂತೆ, ಕಡಿಮೆ ವೇಗದಲ್ಲಿ ಒತ್ತಿದ್ದರು. ಯಾರಿಗೆ ನಿಜ, ಯಾರಿಗೆ ಹುಸಿ ಎಂಬ ಗುಟ್ಟು 12 ಭೇಟಿಗಳಲ್ಲೂ ಉಳಿಯಿತು. ಸೊಂಟನೋವಿನಲ್ಲಿ ಪೃಷ್ಠದ ಒತ್ತಡ ತಟಸ್ಥ ಎನ್ನಲು ನಮಗೆ ಧೈರ್ಯವಿಲ್ಲ.

ಬೇಕಿರುವುದು: ಸೊಂಟಕ್ಕೆ ಹೊಂದುವ ಹುಸಿ ವಿಧಾನದ ವಿವರ (ಭಂಗಿ, ಕೈಯಿಡುವ ಜಾಗ, ಬಲ); ಅದನ್ನು ಚಿಕಿತ್ಸಕರಿಗೆ ಕಲಿಸಿದ ಅನುಭವ; ಮತ್ತು ‘ನಿಮಗೆ ಸಿಕ್ಕಿದ್ದು ಯಾವುದು ಅನ್ನಿಸುತ್ತದೆ’ ಎಂಬ ಪ್ರಶ್ನೆಯನ್ನು ಮೊದಲ ಭೇಟಿ ಮುಗಿದೊಡನೆ ಕೇಳಬೇಕೇ, ಕೊನೆಗೂ ಕೇಳಬೇಕೇ ಎಂಬ ಸಲಹೆ. ಕೊನೆಗೆ ಮಾತ್ರ ಕೇಳಿದರೆ ನೋವು ಕಡಿಮೆಯಾದವರು ‘ನಿಜವಾದದ್ದೇ’ ಎಂದುಬಿಡುತ್ತಾರೆ. ಬ್ಯಾಂಗ್ ಸೂಚ್ಯಂಕ (ಗುಟ್ಟು ಎಷ್ಟು ಉಳಿಯಿತೆಂದು ಈ ಉತ್ತರಗಳಿಂದ ಅಳೆಯುವ ಲೆಕ್ಕ) ಹಾಕಿದವರಿದ್ದರೆ ಇಲ್ಲೇ ಬರೆಯಿರಿ. ಸಿಟಿಆರ್‌ಐ (ಭಾರತದ ವೈದ್ಯಕೀಯ ಪ್ರಯೋಗಗಳ ದಾಖಲೆ) ನೋಂದಣಿಗೆ ಮುನ್ನ ಇದು ತೀರ್ಮಾನವಾಗಲೇಬೇಕು.