ಪದಚರ್ಚೆ: ಸ್ಲೈಡಿನ ನಂಬರಿಂಗ್‌ಗೆ ಅಂಕೆಯೋ, ಎಣಿಕೆಯೋ?

ಎಲ್ಲರಿಗೂ ನಮಸ್ಕಾರ. ಮೇಷ್ಟ್ರುಗಳಿಗೆ ಪವರ್‌ಪಾಯಿಂಟ್ ಕಲಿಸುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಎರಡು ಕಡೆ ಸಿಕ್ಕಿಕೊಂಡಿದ್ದೇನೆ.

1, 2, 3 ಅಂತ ಪಟ್ಟಿ ಬರೆದು ನಡುವೆ ನಂಬರಿಲ್ಲದ ಒಂದು ಸಾಲು ಹಾಕಿದರೆ, ಮುಂದಿನದು 4 ಆಗದೆ ಮತ್ತೆ 1 ಆಗಿಬಿಡುತ್ತದೆ. ಆಗ ‘ಬುಲೆಟ್ಸ್ ಅಂಡ್ ನಂಬರಿಂಗ್’ ತೆರೆದು, ‘ಸ್ಟಾರ್ಟ್ ಅಟ್’ನಲ್ಲಿ 4 ಹಾಕಬೇಕು. ಇದಕ್ಕೆ ‘ಆರಂಭಿಕ ಕ್ರಮಾಂಕ’ ಎಂದು ಬರೆದೆ. ಓದಿದವರೊಬ್ಬರು ‘ಇದೇನು ಲಾರಿ ರಿಜಿಸ್ಟ್ರೇಷನ್ನಾ?’ ಅಂದರು. ಇನ್ನೊಂದು ‘ಹ್ಯಾಂಗಿಂಗ್ ಇಂಡೆಂಟ್’. ನಂಬರು ಎಡಕ್ಕೆ ಒಂಟಿಯಾಗಿ ನಿಂತು, ಎರಡನೇ ಸಾಲು ಮೊದಲ ಸಾಲಿನ ಅಕ್ಷರದ ಕೆಳಗೇ ಶುರುವಾಗುತ್ತದಲ್ಲ, ಅದು. ‘ತೂಗು ಅಂಚು’ ನಡೆಯುತ್ತದೆಯೇ?

*

ನಡೆಯುವುದಿಲ್ಲ. ಅಂಚು ಸೀರೆಗೆ, ಹಾಳೆಗೆ. ಇಲ್ಲಿ ಯಾವ ಅಂಚೂ ತೂಗಾಡುತ್ತಿಲ್ಲ. ‘ಒಳಸರಿತ’ ಅನ್ನಿ, ಮುಗಿಯಿತು. ‘ಅಂಕೆ’ ಎಂಬ ಅಚ್ಚಗನ್ನಡ ಪದ ಇರುವಾಗ ಆರಂಭಿಕ, ಕ್ರಮಾಂಕ ಎಲ್ಲ ಯಾಕೆ ಬೇಕು?

*

ಅಂಕೆ ಅಚ್ಚಗನ್ನಡವಲ್ಲ ಸ್ವಾಮಿ, ಸಂಸ್ಕೃತದ ‘ಅಂಕ’ದ ತದ್ಭವ. ಕೇಶಿರಾಜ 13ನೇ ಶತಮಾನದಲ್ಲೇ ತನ್ನ ಕನ್ನಡ ವ್ಯಾಕರಣದಲ್ಲಿ ಇಂಥ ಪದಗಳಿಗೆಂದು ಒಂದು ಪ್ರಕರಣ ಬರೆದಿಟ್ಟಿದ್ದಾನೆ. ಅಚ್ಚಗನ್ನಡವೇ ಆಗಬೇಕೆಂದರೆ ‘ಎಣಿಕೆ’ ಇದೆ. ತಮಿಳಿನ ‘ಎಣ್’ ಅದರ ಒಡಹುಟ್ಟು.

ಮೇಡಂ, ನಿಮಗೆ ಎರಡೂ ಬೇಕಾಗುತ್ತವೆ. ಎಣಿಕೆ ಅಂದರೆ ಎಣಿಸುವ ಕೆಲಸ, ಅಂಕೆ ಅಂದರೆ ಬರೆದ ಗುರುತು. 4ರ ಬದಲು 1 ಬಂದರೆ ತಪ್ಪಿದ್ದು ಎಣಿಕೆ. ಅಲ್ಲಿ ‘ಎಣಿಕೆ ಎಲ್ಲಿಂದ’ ಎಂದು ಹಾಕಿ. ಸಾಲಿನ ಮೊದಲ ಅಕ್ಷರವನ್ನು ಕೆಂಪು ಮಾಡಿದರೆ ಪಕ್ಕದ ನಂಬರೂ ಕೆಂಪಾಗುತ್ತದೆ. ಅದು ಅಂಕೆಯ ಬಣ್ಣ, ಎಣಿಕೆಯದ್ದಲ್ಲ. ಇನ್ನು ‘ಅಂಕೆ ತಪ್ಪಿದ ಪಟ್ಟಿ’ ಅಂತ ಬರೆದರೆ, ಅಂಕೆಯಿಲ್ಲದ ಕಪಿ ಲಂಕೆ ಸುಟ್ಟಿದ್ದೇ ಓದುವವರಿಗೆ ನೆನಪಾಗುವುದು.

‘ಒಳಸರಿತ’ ಬರೀ ಇಂಡೆಂಟಿಗಾಯಿತು. ಇಲ್ಲಿ ಮೊದಲ ಸಾಲು ಹೊರಗೆ ಚಾಚಿಕೊಂಡಿದೆ, ‘ಹೊರಚಾಚು’ ಅನ್ನಬಹುದು.

*

ಸುಮ್ನೆ ‘ನಂಬರ್’ ಅಂತ ಬರೆಯಿರಿ. ಮೇಷ್ಟ್ರ ಕಂಪ್ಯೂಟರಿನ ಮೆನು ಇಂಗ್ಲಿಷಿನಲ್ಲಿದೆ. ‘ಹೊರಚಾಚು’ ಎಲ್ಲಿದೆ ಅಂತ ಅವರು ಪರದೆ ತುಂಬಾ ಹುಡುಕಬೇಕಾ? ಪದಕ್ಕಿಂತ ಉಪಾಯ ಹೇಳಿಕೊಡಿ: ನಡುವಿನ ಸಾಲಿಗೆ ಎಂಟರ್ ಒತ್ತುವ ಬದಲು ಶಿಫ್ಟ್ ಜೊತೆ ಎಂಟರ್ ಒತ್ತಿದರೆ ನಂಬರು ಬೀಳುವುದೇ ಇಲ್ಲ, ಮುಂದಿನದು ತಾನಾಗಿಯೇ 4 ಆಗುತ್ತದೆ. ಈ ಮಾತು ಕೈಪಿಡಿಯಲ್ಲಿ ಇದೆಯಾ?

ಅಷ್ಟೊಂದು ಕನ್ನಡಾಭಿಮಾನ ಇದ್ದರೆ ಇದನ್ನು ಕೇಳಿ. ಪವರ್‌ಪಾಯಿಂಟಿನ ತಾನಾಗಿ ಎಣಿಸುವ ಪಟ್ಟಿಗೆ ಹಿಂದಿ ಅಂಕಿಗಳಿವೆ, ಥಾಯ್ ಅಂಕಿಗಳೂ ಇವೆ. ನಮ್ಮ ೧, ೨, ೩ ಇಲ್ಲ. ಕೈಯಲ್ಲೇ ಒತ್ತಬೇಕು. ನಡುವಿನದೊಂದು ಅಳಿಸಿದರೆ ಕೆಳಗಿನದೆಲ್ಲ ಕೈಯಲ್ಲೇ ತಿದ್ದಬೇಕು. ಅದಕ್ಕೊಂದು ಕಾಗದ ಬರೆಯಲು ಯಾರಿಗೂ ಪುರುಸೊತ್ತಿಲ್ಲ, ತದ್ಭವದ ಜಗಳಕ್ಕೆ ಮಾತ್ರ ಎಲ್ಲರೂ ರೆಡಿ.

*

‘ನಂಬರ್’ ಸಾಕು ಅನ್ನುವವರಿಗೆ ಪದಚರ್ಚೆಯಲ್ಲಿ ಏನು ಕೆಲಸ? ಬಸ್ಸು, ಕಾರು ಒಳಗೆ ಬಂದಿದ್ದು ಬೇರೆ ಮಾತು, ಆಗ ನಮ್ಮಲ್ಲಿ ಆ ಗಾಡಿಗಳೇ ಇರಲಿಲ್ಲ. ಎಣಿಸುವುದು ನಮಗೆ ಮೊದಲೇ ಬರುತ್ತಿತ್ತು, ಅಲ್ವಾ?

*

‘ಎಣಿಕೆ ಎಲ್ಲಿಂದ’ ಹಾಕಿದೆ, ಪಕ್ಕದಲ್ಲೇ ‘ಸ್ಟಾರ್ಟ್ ಅಟ್’ ಕೂಡ ಇದೆ. ಹೊರಚಾಚಿಗೆ ಒಂದು ಚಿತ್ರ ಸೇರಿಸಿದೆ. ಶಿಫ್ಟ್-ಎಂಟರ್ ವಿಷಯ ಮೂಲದಲ್ಲಿ ಇರಲಿಲ್ಲ, ಅಡಿಟಿಪ್ಪಣಿ ಮಾಡಿದ್ದೇನೆ. ಫೈಲು ಪ್ರೆಸ್ಸಿಗೆ ಹೋಯಿತು, ಜಗಳ ನೀವು ಮುಂದುವರಿಸಿ.