ವೈದ್ಯರನ್ನು ಕೇಳಿ: ಜನಸಂಖ್ಯೆ, ಕಾನೂನು ಮತ್ತು ಕಾಪರ್-ಟಿ

ನಮ್ಮ ಮುಂಬೈ ಕನ್ನಡಿಗರ ಗುಂಪಿನಲ್ಲಿ ಈ ವಾರ ಸ್ತ್ರೀರೋಗ ತಜ್ಞೆಯೊಬ್ಬರು ಉತ್ತರಿಸುತ್ತಾರೆ. ಹೆಸರು ಹಾಕದೆಯೂ ಕೇಳಬಹುದು.

ಡೊಂಬಿವಲಿಯ ಸದಸ್ಯ: ಡಾಕ್ಟರೇ, ನಮಸ್ಕಾರ. ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಉಸಿರಾಡಲೂ ಜಾಗವಿಲ್ಲ. ಜನಸಂಖ್ಯೆಯಲ್ಲಿ ಚೀನಾವನ್ನೂ ಹಿಂದೆ ಹಾಕಿದ್ದೇವೆ. ಎರಡಕ್ಕಿಂತ ಹೆಚ್ಚು ಮಕ್ಕಳಾದರೆ ಸರ್ಕಾರಿ ಸವಲತ್ತು ಬಂದ್ ಎಂದು ಕಾನೂನು ತಂದರೆ ತಪ್ಪೇನು?

ವೈದ್ಯೆ: ಆ ಡಬ್ಬಿಯ ಇಕ್ಕಟ್ಟು ನನಗೂ ಗೊತ್ತು. ಆದರೆ ಅದನ್ನು ಹೆರಿಗೆ ವಾರ್ಡಿನ ಲೆಕ್ಕಕ್ಕೆ ಬರೆಯಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಕರ್ನಾಟಕದಲ್ಲೂ ಅಷ್ಟೇ. ಗೋವಾದಲ್ಲಿ 1.3. ಒಂದು ಪೀಳಿಗೆಯ ಜಾಗವನ್ನು ಮುಂದಿನದು ತುಂಬಬೇಕಾದರೆ 2.1 ಬೇಕು. ಕೆಲಸ ಒಂದು ತುದಿಯಲ್ಲಿ, ಕೈಗೆಟಕುವ ಮನೆ ಇನ್ನೊಂದು ತುದಿಯಲ್ಲಿ ಇರುವುದರಿಂದ ಲೋಕಲ್ ತುಂಬುತ್ತದೆ. ನಮ್ಮವರು ಉಡುಪಿ ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದು ಇಳಿದದ್ದೂ ಇದೇ ಊರಿಗೆ ಅಲ್ಲವೇ?

ಇನ್ನು, ನೀವು ಕೇಳುವ ಕಾನೂನಿನ ಒಂದು ರೂಪ ಮಹಾರಾಷ್ಟ್ರದಲ್ಲಿ ಆಗಲೇ ಇದೆ. 2001ರ ಸೆಪ್ಟೆಂಬರ್ ನಂತರ ಯಾರಿಗೆ ಮೂರನೇ ಮಗು ಹುಟ್ಟಿತೋ ಅವರು ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲುವಂತಿಲ್ಲ. 2005ರ ನಿಯಮದಂತೆ ಸರ್ಕಾರಿ ನೌಕರಿಗೂ ಅಡ್ಡಿ. ಕೇರಳ ಇಂಥ ಕಟ್ಟಳೆಯಿಲ್ಲದೆಯೇ 1990ರ ಹೊತ್ತಿಗೆ ಸರಾಸರಿ ಎರಡು ಮಕ್ಕಳ ಆಸುಪಾಸಿಗೆ ಬಂದಿತ್ತು. ಅಲ್ಲಿ ಹೆಣ್ಣುಮಕ್ಕಳು ಶಾಲೆಗೆ ಹೋದರು, ಹುಟ್ಟಿದ ಮಕ್ಕಳು ಬದುಕಿ ಉಳಿದವು. ಎರಡೂ ಉಳಿಯುತ್ತವೆ ಎಂಬ ಧೈರ್ಯವಿದ್ದ ತಾಯಿ ಐದನೆಯದನ್ನು ಬಯಸುವುದಿಲ್ಲ. ಚೀನಾ 2015ರವರೆಗೆ ಒಂದೇ ಮಗು ಎಂದಿತು, 2021ರಲ್ಲಿ ಮೂರಕ್ಕೆ ಒಪ್ಪಿತು. ಆದರೂ ಮುಂದಿನ ವರ್ಷದಿಂದ ಅಲ್ಲಿನ ಜನಸಂಖ್ಯೆ ಇಳಿಯತೊಡಗಿತು. ಹೆರಬೇಡಿ ಎಂದು ಗದರಿಸಬಹುದು, ಹೆರಿ ಎಂದು ಗದರಿಸಿ ಫಲವಿಲ್ಲ.

ಡೊಂಬಿವಲಿಯ ಸದಸ್ಯ: ಮಕ್ಕಳು ಕಡಿಮೆಯಾದರೂ ಜನ ಏಕೆ ಹೆಚ್ಚುತ್ತಿದ್ದಾರೆ ಹಾಗಾದರೆ?

ವೈದ್ಯೆ: ಹಿಂದಿನ ದಶಕಗಳಲ್ಲಿ ಹುಟ್ಟಿದವರೇ ಈಗ ಹೆರುವ ವಯಸ್ಸಿನಲ್ಲಿದ್ದಾರೆ. ತಲಾ ಎರಡೇ ಹೆತ್ತರೂ ಹೆರುವವರ ಸಂಖ್ಯೆ ದೊಡ್ಡದು. ಆಯುಷ್ಯವೂ ಹೆಚ್ಚಿದೆ. 2022ರ ನವೆಂಬರ್‌ನಲ್ಲಿ ಜಗತ್ತು 800 ಕೋಟಿ ಮುಟ್ಟಿತು. 2080ರ ದಶಕದ ನಡುವೆ 1,030 ಕೋಟಿಯ ಸುಮಾರಿಗೆ ಏರಿ, ನಂತರ ಇಳಿಯುತ್ತದೆ ಎಂಬುದು ವಿಶ್ವಸಂಸ್ಥೆಯ 2024ರ ಅಂದಾಜು.

ಮುಲುಂಡ್‌ನ ಹಿರಿಯ ಸದಸ್ಯ: ಸಂಘದವರೆಲ್ಲ ಇರುವ ಗುಂಪಿನಲ್ಲಿ ಇಂಥ ವಿಷಯ ಬೇಕೇ? ಇದೆಲ್ಲ ಹೊರಗಿನವರ ಗೀಳು.

ವೈದ್ಯೆ: ರಾಯರೇ, ಗಣಿತದ ಪ್ರಾಧ್ಯಾಪಕರಾಗಿದ್ದ ರಘುನಾಥ ಧೋಂಡೋ ಕರ್ವೆ ಇದೇ ಮುಂಬೈಯಲ್ಲಿ 1921ರಲ್ಲೇ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದು ಬೈಗುಳ ತಿಂದರು. 1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರದ ಖರ್ಚಿನಲ್ಲೇ ಇಂಥವನ್ನು ತೆರೆಯಿತು. 1949ರಲ್ಲಿ ಇಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘ ಕಟ್ಟಿದ ಧನವಂತಿ ರಾಮರಾವ್ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಹೊರಗಿನವರು ಎಂದು ಯಾರನ್ನು ಹೇಳೋಣ?

ಠಾಣೆಯಿಂದ, ಹೆಸರು ಬೇಡ: ಮೇಡಂ, ಎರಡನೇ ಮಗುವಿಗೆ ಆರು ತಿಂಗಳು. ಎರಡೂ ಸಿಸೇರಿಯನ್. ಊರಿನಿಂದ ಬಂದಿರುವ ಅತ್ತೆ ಮತ್ತೆ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೋ ಎಂದು ಹಿಂದೆ ಬಿದ್ದಿದ್ದಾರೆ. ಮತ್ತೆ ಹೊಟ್ಟೆ ಕೊಯ್ಯಿಸಿಕೊಳ್ಳಲು ಮನಸ್ಸಿಲ್ಲ. ಹಾಲು ಕುಡಿಸುತ್ತಿದ್ದೇನೆ, ಇನ್ನೂ ಮುಟ್ಟಾಗಿಲ್ಲ.

ವೈದ್ಯೆ: ಮೊದಲು ಕೊನೆಯ ಮಾತಿಗೆ ಬರುತ್ತೇನೆ. ಎದೆಹಾಲನ್ನಷ್ಟೇ ಕೊಡುತ್ತಿದ್ದು, ಮುಟ್ಟಾಗದಿದ್ದರೆ ಗರ್ಭ ನಿಲ್ಲುವ ಸಾಧ್ಯತೆ ತೀರಾ ಕಡಿಮೆ. ಆದರೆ ಆ ರಕ್ಷಣೆ ಆರು ತಿಂಗಳಿಗೆ ಮುಗಿಯುತ್ತದೆ. ಆದ್ದರಿಂದ ಈ ವಾರವೇ ಹತ್ತಿರದ ವೈದ್ಯರನ್ನು ಕಾಣಿ.

ಕಾಪರ್-ಟಿ 380ಎ ಗರ್ಭಕೋಶದೊಳಗೆ ಹಾಕಿಸಿಕೊಂಡರೆ ಹತ್ತು ವರ್ಷ ನಡೆಯುತ್ತದೆ, ಬೇಡವೆಂದ ದಿನ ತೆಗೆಸಬಹುದು. ಮೂರೂವರೆ ಸೆಂಟಿಮೀಟರ್ ಉದ್ದದ ಪ್ಲಾಸ್ಟಿಕ್ ಕಡ್ಡಿಗೆ ತಾಮ್ರದ ತಂತಿ ಸುತ್ತಿರುತ್ತಾರೆ, ತುದಿಯಲ್ಲಿ ನೂಲು. ಕೊಯ್ಯುವುದಿಲ್ಲ. ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವ ಹೆಚ್ಚಾಗಬಹುದು, ಗಾಬರಿ ಬೇಡ. ಮಾತ್ರೆ ಬೇಕೆಂದರೆ ಸರ್ಕಾರಿ ಆಸ್ಪತ್ರೆಯಲ್ಲಿ ಛಾಯಾ ಉಚಿತ. ಲಖನೌದ ಸಂಶೋಧನಾಲಯದಲ್ಲೇ ಕಂಡುಹಿಡಿದ ಔಷಧ ಅದು, ಹಾರ್ಮೋನ್ ಅಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಅಂತರಾ ಚುಚ್ಚುಮದ್ದಾದರೆ ಮೂರು ತಿಂಗಳಿಗೊಮ್ಮೆ. ಮೂರರಲ್ಲಿ ಯಾವುದಕ್ಕೂ ಹಾಲು ನಿಲ್ಲಿಸಬೇಕಾಗಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಗಂಡನ ಸುದ್ದಿಯೇ ಇಲ್ಲ. ನನ್ನ ಒಪಿಡಿಯಲ್ಲೂ ಹಾಗೆಯೇ: ಮಗು, ಫೈಲು, ನೀರಿನ ಬಾಟಲಿ ಎಲ್ಲವೂ ಹೆಂಗಸಿನ ಕೈಯಲ್ಲಿ, ಗಂಡ ಹೊರಗಿನ ಬೆಂಚಿನಲ್ಲಿ ಮೊಬೈಲ್ ನೋಡುತ್ತಾನೆ. ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವುದು: ದೇಶದ ದಂಪತಿಗಳಲ್ಲಿ ಹೆಂಡತಿಯ ಆಪರೇಷನ್ ಅವಲಂಬಿಸಿದವರು 37.9 ಶೇಕಡಾ, ಗಂಡನ ಆಪರೇಷನ್ ಅವಲಂಬಿಸಿದವರು 0.3. ಇದಕ್ಕೆ ಹಿನ್ನೆಲೆಯಿದೆ. ತುರ್ತು ಪರಿಸ್ಥಿತಿಯ ಕಾಲದ 1976–77ರಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳಾದವು, ಹೆಚ್ಚಿನವು ಗಂಡಸರಿಗೆ, ಅನೇಕ ಕಡೆ ಬಲವಂತದಿಂದ. ಆ ಹೆದರಿಕೆಯಿಂದ ಅವರು ಹಿಂದೆ ಸರಿದರು, ಹೊರೆ ಪೂರ್ತಿ ಹೆಂಗಸರ ಮೇಲೆ ಬಿತ್ತು. ಜನಸಂಖ್ಯೆ ಕುರಿತು ವಿಶ್ವಸಂಸ್ಥೆ ನಡೆಸಿದ 1994ರ ಕೈರೋ ಸಮ್ಮೇಳನ ಜನರನ್ನು ಎಣಿಸುವುದನ್ನು ಬಿಟ್ಟು ಅವರ ಹಕ್ಕು, ಆರೋಗ್ಯ ನೋಡಿ ಎಂದಿತು. ಭಾರತವೂ 1996ರಲ್ಲಿ ಇಷ್ಟು ಆಪರೇಷನ್ ಮಾಡಲೇಬೇಕು ಎಂಬ ಗುರಿಗಳನ್ನು ಕೈಬಿಟ್ಟಿತು. ಮನೆಗಳಲ್ಲಿ ಮಾತ್ರ ಅತ್ತೆಯಂದಿರ ಗುರಿ ಇನ್ನೂ ಇದೆ.

ಠಾಣೆಯಿಂದಲೇ: ಮೇಲಿನ ಪ್ರಶ್ನೆ ನನ್ನ ಹೆಂಡತಿಯದು. ಗೋದಾಮಿನಲ್ಲಿ ಭಾರ ಎತ್ತುವ ಕೆಲಸ ನನ್ನದು. ನಾನು ಮಾಡಿಸಿಕೊಂಡರೆ ಶಕ್ತಿ ಕುಂದುವುದಿಲ್ಲವೇ?

ವೈದ್ಯೆ: ಕುಂದುವುದಿಲ್ಲ. ವೀರ್ಯಾಣು ಹೊರಬರುವ ನಾಳವನ್ನಷ್ಟೇ ಮುಚ್ಚುತ್ತೇವೆ. ಗಂಡಸುತನದ ಹಾರ್ಮೋನ್ ರಕ್ತದಲ್ಲಿ ಹರಿಯುತ್ತದೆ, ಅದಕ್ಕೂ ಈ ನಾಳಕ್ಕೂ ಸಂಬಂಧವಿಲ್ಲ. ಆ ಜಾಗಕ್ಕೆ ಮಾತ್ರ ಅರಿವಳಿಕೆ, ಸಣ್ಣ ರಂಧ್ರ, ಹೊಲಿಗೆಯಿಲ್ಲ, ಅದೇ ದಿನ ಮನೆಗೆ. ಎರಡು ದಿನ ವಿಶ್ರಾಂತಿ, ಒಂದು ವಾರ ಭಾರ ಎತ್ತಬೇಡಿ. ಮೂರು ತಿಂಗಳು ಕಾಂಡೋಮ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆಯಲ್ಲಿ ಸೊನ್ನೆ ಬಂದರಷ್ಟೇ ಬಿಡಿ. ಇದು ಶಾಶ್ವತ ಎಂದೇ ತಿಳಿದು ಇಬ್ಬರೂ ಕೂತು ನಿರ್ಧರಿಸಿ. ಅಲ್ಲಿಯವರೆಗೆ ಅವರಿಗೆ ಕಾಪರ್-ಟಿ ಆಗಬಹುದು.