ಹಳೆ ಡೀಸೆಲ್ ವ್ಯಾನ್ ಏರಿನಲ್ಲಿ ಸುಸ್ತಾಗುತ್ತದೆ, ಮತ್ತೆ ತಾನೇ ಸರಿಹೋಗುತ್ತದೆ. ಯಾರಿಗಾದರೂ ಹೀಗಾಗಿದೆಯಾ?

ಪ್ರಶ್ನೆ: ನನ್ನದು 15 ವರ್ಷ ದಾಟಿದ ಟರ್ಬೊ ಡೀಸೆಲ್ ವ್ಯಾನ್. ಏರು ಹತ್ತುವಾಗ ಒಮ್ಮೊಮ್ಮೆ ಪವರ್ ಬಿದ್ದುಹೋಗುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಳೆಯುವುದಿಲ್ಲ. ಸ್ವಲ್ಪ ಹೊತ್ತು ನಿಲ್ಲಿಸಿದರೆ ಏನೂ ಆಗಿಯೇ ಇಲ್ಲ ಎಂಬಂತೆ ಓಡುತ್ತದೆ. ಡೀಸೆಲ್ ಫಿಲ್ಟರ್ ಬದಲಾಯಿಸಿ ಆಯಿತು. ಮೆಕ್ಯಾನಿಕ್ ಎದುರು ಮಾತ್ರ ಒಮ್ಮೆಯೂ ಕೈಕೊಟ್ಟಿಲ್ಲ! ಈಗ ಇಂಜೆಕ್ಟರ್ (ಎಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ಭಾಗ) ಬಿಚ್ಚೋಣ ಅನ್ನುತ್ತಿದ್ದಾರೆ. ಬಿಚ್ಚಿಸಲಾ?

ಉತ್ತರ: ಸದ್ಯಕ್ಕೆ ಬೇಡ. ನಾನು ಬಿಚ್ಚಿಸಿ ದುಡ್ಡು ಕಳೆದುಕೊಂಡವನು. ಇಂಜೆಕ್ಟರ್ ಕೆಟ್ಟಿದ್ದರೆ ಸಾಮಾನ್ಯವಾಗಿ ನಿಂತಲ್ಲೇ ಎಂಜಿನ್ ನಡುಗುತ್ತದೆ, ಬೆಳಿಗ್ಗೆ ಸ್ಟಾರ್ಟ್ ಆಗಲು ತಕರಾರು ಮಾಡುತ್ತದೆ. ಹೀಗೆ ಬಂದು ಹೋಗುವುದು ಕಮ್ಮಿ.

ನೀವು ಹೇಳಿದ "ಸ್ವಲ್ಪ ಹೊತ್ತು" ಎಷ್ಟು ಹೊತ್ತು? ಕೀ ಆಫ್ ಮಾಡಿ ತಕ್ಷಣ ಸ್ಟಾರ್ಟ್ ಮಾಡಿದಾಗಲೇ ಪವರ್ ವಾಪಸ್ ಬಂದರೆ ಅದು ಲಿಂಪ್ ಮೋಡ್ ಇರಬಹುದು. ಯಾವುದೋ ಸೆನ್ಸರ್ ದೋಷ ತೋರಿಸಿದ್ದಕ್ಕೆ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ತಾನೇ ಪವರ್ ಇಳಿಸಿರುತ್ತದೆ. ಆಗ ಸ್ಕ್ಯಾನರ್ ಹಾಕಿಸಿ. ಡ್ಯಾಶ್‌ಬೋರ್ಡಿನ ಎಚ್ಚರಿಕೆ ಲೈಟ್ ಆರಿದ್ದರೂ ದೋಷದ ಕೋಡ್ ಒಳಗೆ ಉಳಿದಿರುವುದುಂಟು. ಅದಕ್ಕೂ ಮೊದಲು ಬ್ಯಾಟರಿ ವೈರ್ ಬಿಚ್ಚಬೇಡಿ, ಅಳಿಸಿ ಹೋದೀತು. ಐದು-ಹತ್ತು ನಿಮಿಷ ಕಾಯಲೇಬೇಕು ಅಂದರೆ ಮೊದಲ ಅನುಮಾನ ಡೀಸೆಲ್ ಬರುವ ದಾರಿಯ ಮೇಲೆ.

ನನ್ನದು ಈ ಎರಡನೆಯ ಥರದ್ದು. ಫಿಲ್ಟರ್ ಎರಡು ಸಲ, ಇಂಜೆಕ್ಟರ್ ಸರ್ವಿಸ್ ಒಂದು ಸಲ, ಎಲ್ಲ ದಂಡ. ಕೊನೆಗೆ ಗಾಡಿಯಲ್ಲಿ ಒಂದು ಪುಸ್ತಕ ಇಟ್ಟೆ. ಕೈಕೊಟ್ಟಾಗಲೆಲ್ಲ ಏರಾ ಸಮತಟ್ಟಾ, ಎಂಜಿನ್ ಎಷ್ಟು ಬಿಸಿ, ಟ್ಯಾಂಕ್ ಎಷ್ಟು ಎಂದು ಬರೆದೆ. ಆರೇಳು ಸಲ ಆದಮೇಲೆ ನೋಡಿದರೆ ಟ್ಯಾಂಕ್ ಅರ್ಧಕ್ಕಿಂತ ಕೆಳಗಿದ್ದಾಗಲೇ ಹಟ! ಬೇರೊಬ್ಬ ಮೆಕ್ಯಾನಿಕ್ ಟ್ಯಾಂಕ್ ಪೈಪ್ ಬಿಡಿಸಿ, ಭದ್ರವಾಗಿ ಕಟ್ಟಿದ ಕ್ಯಾನ್‌ನಿಂದ ಡೀಸೆಲ್ ಕೊಟ್ಟು ಅದೇ ಏರಿನಲ್ಲಿ ಓಡಿಸಿದರು. ಸಲೀಸಾಗಿ ಹತ್ತಿತು. ಟ್ಯಾಂಕ್ ಇಳಿಸಿದಾಗ ಡೀಸೆಲ್ ಹೀರುವ ಪೈಪಿನ ತುದಿಯ ಜಾಲರಿಯಲ್ಲಿ ಲೋಳೆಯಂಥ ಕೊಳೆ. ಏರಿನಲ್ಲಿ ಎಂಜಿನ್ ಜಾಸ್ತಿ ಹೀರಿದಾಗ ಅದು ಜಾಲರಿಗೆ ಅಂಟಿಕೊಳ್ಳುತ್ತಿತ್ತು, ಆಫ್ ಮಾಡಿದರೆ ಮೆಲ್ಲಗೆ ಕಳಚುತ್ತಿತ್ತು. ಗ್ಯಾರೇಜ್ ಮುಟ್ಟುವಷ್ಟರಲ್ಲಿ ಗಾಡಿ ಸಾಧುಪ್ರಾಣಿ.

ಇನ್ನೊಂದು ಉತ್ತರ: ಟ್ಯಾಂಕ್ ಇಳಿಸುವ ಮೊದಲು ಮುಚ್ಚಳ ನೋಡಿ, ಖರ್ಚಿಲ್ಲದ ಕೆಲಸ. ಪವರ್ ಬಿದ್ದಾಗ ಬದಿಗೆ ನಿಲ್ಲಿಸಿ ಮುಚ್ಚಳ ತಿರುಗಿಸಿ. ಬುಸ್ ಎಂದು ಗಾಳಿ ಒಳಗೆ ನುಗ್ಗಿ, ಗಾಡಿ ಚೇತರಿಸಿಕೊಂಡರೆ ಟ್ಯಾಂಕಿಗೆ ಗಾಳಿ ಹೋಗುವ ತೂತು ಕಟ್ಟಿದೆ ಅಂತ ಲೆಕ್ಕ.

ಮತ್ತೊಂದು: ಹೊಗೆ ಬಗ್ಗೆ ಯಾರೂ ಕೇಳಲಿಲ್ಲವಲ್ಲ. ಕಪ್ಪು ಹೊಗೆ ಕಾರುತ್ತಿದ್ದರೆ ಡೀಸೆಲ್ ಹೋಗುತ್ತಿದೆ, ಗಾಳಿ ಸಾಲುತ್ತಿಲ್ಲ. ನನ್ನ ವ್ಯಾನಿನಲ್ಲಿ ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ಹೋಸ್ ಕೆಳಗಡೆ ಸೀಳಿತ್ತು. ನಿಂತಾಗ ಸೀಳು ಕೂಡಿಕೊಂಡಿರುತ್ತಿತ್ತು, ಒತ್ತಡ ಬಂದಾಗ ಬಾಯಿ ಬಿಡುತ್ತಿತ್ತು. ಸುಮ್ನೆ ಇಣುಕಿದರೆ ಕಾಣುವುದಿಲ್ಲ. ಕೈಯಾಡಿಸಿದಾಗ ಎಣ್ಣೆ ಜಿಡ್ಡು ಸಿಕ್ಕಿ ಗೊತ್ತಾಯಿತು. ಎಂಜಿನ್ ತಣ್ಣಗಾದ ಮೇಲೆ ಕೈ ಹಾಕಿ, ಮಾರಾಯ್ರೇ.

ಕೇಳಿದವರು: ಇವತ್ತು ಮತ್ತೆ ಸುಸ್ತಾಯಿತು. ನನ್ನ ತಮ್ಮ ಹಿಂದೆ ಬರುತ್ತಿದ್ದ, ಹೊಗೆ ಇಲ್ಲ ಅಂದ. ತಕ್ಷಣ ಸ್ಟಾರ್ಟ್ ಮಾಡಿದರೂ ಅಷ್ಟೇ, ಎಳೆಯಲಿಲ್ಲ. ಮುಚ್ಚಳ ತಿರುಗಿಸಿದೆ, ಸದ್ದಿಲ್ಲ. ಟ್ಯಾಂಕ್ ಕಾಲು ಭಾಗ ಇತ್ತು. ಇಂಜೆಕ್ಟರ್ ಬಿಚ್ಚಬೇಡಿ ಅಂತ ಹೇಳಿ ಬಂದೆ. ನಾಳೆ ಕ್ಯಾನ್ ಕಟ್ಟಿಸಿ ಅದೇ ಏರಿಗೆ ಹೋಗುತ್ತೇವೆ.